ದೊಡ್ಡ ಹೆಲ್ತ್‌ಕೇರ್ ಕಂಪನಿಯಲ್ಲಿ ಕೆಲಸ: ಸೇರುವ ಮುಂಚೆ ಗೊತ್ತಿರಬೇಕಾದ್ದು

ಅಕ್ಕನ ಮಗಳಿಗೆ ಆಫರ್ ಲೆಟರ್ ಬಂತು. ದೊಡ್ಡ ಹೆಲ್ತ್‌ಕೇರ್ ಕಂಪನಿ, ಒಳ್ಳೆ ಸಂಬಳ. ಆದರೂ ಹುಡುಗಿಗೆ ಒಂದು ಅನುಮಾನ. ಫೋನ್ ಮಾಡಿ ಕೇಳಿದಳು: “ಮಾವ, ನಾನು ಓದಿದ್ದು ಕಂಪ್ಯೂಟರ್. ಸೂಜಿ ನೋಡಿದ್ರೇನೇ ತಲೆ ತಿರುಗುತ್ತೆ. ನನ್ನನ್ನ ತಗೊಂಡು ಇವರು ಏನ್ ಮಾಡ್ತಾರೆ?”

ನಗು ಬಂತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ನಾನೂ ಇಂಥದ್ದೇ ಒಂದು ಕಂಪನಿಯಲ್ಲಿ ಕೆಲವು ವರ್ಷ ಇದ್ದವನು, ಸೇರುವಾಗ ನನಗೂ ಇಷ್ಟೇ ಗೊತ್ತಿತ್ತು. ಈ ಕಂಪನಿಗಳು ಡಾಕ್ಟರು, ನರ್ಸ್‌ಗಳನ್ನಷ್ಟೇ ಅಲ್ಲ, ಲೆಕ್ಕ ಬರೆಯುವವರು, ಪ್ರೋಗ್ರಾಂ ಬರೆಯುವವರು, ವಕೀಲರು, ಗೋದಾಮು ನೋಡಿಕೊಳ್ಳುವವರು, ಹೀಗೆ ಎಲ್ಲರನ್ನೂ ತೆಗೆದುಕೊಳ್ಳುತ್ತವೆ. ಹೊರಗಿಂದ ನೋಡಿದರೆ ಒಳಗೆ ಏನು ನಡೆಯುತ್ತೆ ಅಂತ ಗೊತ್ತಾಗುವುದಿಲ್ಲ. ಅವತ್ತು ಫೋನಿನಲ್ಲಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಮಂಡಿ, ಆರು ಕಂಪನಿ

ಯಾರೋ ಒಬ್ಬರು ಸವೆದ ಮಂಡಿ ಬದಲಿಸಿಕೊಳ್ಳುತ್ತಾರೆ ಅಂತ ಇಟ್ಟುಕೊಳ್ಳಿ. ಆಪರೇಷನ್ ನಡೆಯುವುದು ಆಸ್ಪತ್ರೆಯಲ್ಲಿ. ಒಳಗೆ ಕೂರಿಸುವ ಲೋಹದ ಕೀಲು ಬರುವುದು ಸಲಕರಣೆ ಮಾಡುವ ಕಂಪನಿಯಿಂದ. ಅರಿವಳಿಕೆ, ನೋವಿನ ಮಾತ್ರೆ, ಆ್ಯಂಟಿಬಯೋಟಿಕ್ ಇವೆಲ್ಲ ಔಷಧ ಕಂಪನಿಯವು. ರಕ್ತ ಪರೀಕ್ಷೆ ಲ್ಯಾಬ್‌ನದು. ಬಿಲ್ ಕಟ್ಟುವುದು ವಿಮಾ ಕಂಪನಿ. ಇಷ್ಟೂ ಕಥೆಯ ದಾಖಲೆ ಕೂತಿರುವುದು ಇನ್ಯಾವುದೋ ಸಾಫ್ಟ್‌ವೇರ್ ಕಂಪನಿ ಮಾಡಿಕೊಟ್ಟ ವ್ಯವಸ್ಥೆಯಲ್ಲಿ. ಮಂಡಿ ಒಂದೇ, ಕಂಪನಿ ಆರು. ಆರೂ ತಮ್ಮನ್ನು ಹೆಲ್ತ್‌ಕೇರ್ ಕಂಪನಿ ಅಂತಲೇ ಕರೆದುಕೊಳ್ಳುತ್ತವೆ.

ಕೆಲವು ಕಡೆ ಇವು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಅಮೆರಿಕದ ಕೈಸರ್ ಪರ್ಮನೆಂಟೆಯಲ್ಲಿ ವಿಮೆಯೂ ಅವರದೇ, ಆಸ್ಪತ್ರೆಯೂ ಅವರದೇ. ಅಲ್ಲಿನ ಯುನೈಟೆಡ್‌ಹೆಲ್ತ್ ಗ್ರೂಪ್‌ನಲ್ಲಿ ವಿಮೆ, ಕ್ಲಿನಿಕ್, ಔಷಧ ಪೂರೈಕೆ, ಡೇಟಾ ಎಲ್ಲ ಸೇರಿ ಸುಮಾರು 4 ಲಕ್ಷ ಜನ ಕೆಲಸ ಮಾಡುತ್ತಾರೆ. ಹಾಗಾಗಿ ಕಂಪನಿಯ ಹೆಸರು ಕೇಳಿದ ಮಾತ್ರಕ್ಕೆ ಕೆಲಸ ಏನಂತ ಗೊತ್ತಾಗಲ್ಲ.

ಒಂದು ಪದದ ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ, ಯಾಕಂದ್ರೆ ಬಹಳ ಜನ ಇಲ್ಲಿ ಎಡವುತ್ತಾರೆ. “ಮೆಡಿಕಲ್ ಕೋಡಿಂಗ್” ಅಂದರೆ ಪ್ರೋಗ್ರಾಂ ಬರೆಯುವುದಲ್ಲ. ಡಾಕ್ಟರ್ ಬರೆದ ಟಿಪ್ಪಣಿ ಓದಿ, ಅದರಲ್ಲಿರುವ ಕಾಯಿಲೆಗೆ ಮತ್ತು ಚಿಕಿತ್ಸೆಗೆ ಗೊತ್ತುಪಡಿಸಿದ ಸಂಕೇತ ಹಾಕುವ ಕೆಲಸ ಅದು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಮಂಡಿ ಸವೆತಕ್ಕೆ ಎಂ17, ಟೈಪ್ 2 ಸಕ್ಕರೆ ಕಾಯಿಲೆಗೆ ಇ11. ಈ ಸಂಕೇತದ ಮೇಲೆ ಬಿಲ್ ನಿಲ್ಲುತ್ತೆ. ಒಂದು ಅಂಕಿ ತಪ್ಪಾದರೆ ಕ್ಲೇಮ್ ವಾಪಸ್ ಬರುತ್ತೆ.

ಇನ್ನೊಂದು ವಿಷಯ. ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದನ್ನು ನೋಡಿದರೆ ನಿಮ್ಮ ತಲೆಯ ಮೇಲೆ ಎಂಥ ಒತ್ತಡ ಬೀಳುತ್ತೆ ಅಂತ ಅರ್ಧ ಗೊತ್ತಾಗುತ್ತೆ. ಖಾಸಗಿ ಆಸ್ಪತ್ರೆಗೆ ಹಾಸಿಗೆ ತುಂಬಿರಬೇಕು. ಔಷಧ ಕಂಪನಿಗೆ ಪೇಟೆಂಟ್, ಅಂದರೆ ಬೇರೆ ಯಾರೂ ಅದನ್ನು ಮಾಡದ ಹಾಗೆ ಸಿಗುವ ಹಕ್ಕು, ಇರುವಷ್ಟು ದಿನ ಮಾತ್ರೆ ಮಾರಾಟವಾಗಬೇಕು. ವಿಮಾ ಕಂಪನಿಗೆ ಕಟ್ಟಿಸಿಕೊಂಡ ಪ್ರೀಮಿಯಂಗಿಂತ ಕೊಡುವ ಕ್ಲೇಮ್ ಕಮ್ಮಿ ಇರಬೇಕು. ಮೂರೂ ಕಡೆ ಗೋಡೆಯ ಮೇಲೆ “ರೋಗಿಯೇ ಮೊದಲು” ಅಂತ ಬರೆದಿರುತ್ತೆ. ಅದು ಸುಳ್ಳು ಅಂತಲ್ಲ. ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ಮಾತಾಡುವ ಅಂಕಿ ಮಾತ್ರ ಬೇರೆ ಬೇರೆ.

ಇಷ್ಟೊಂದು ನಿಯಮ ಯಾಕೆ?

ಹೊಸದಾಗಿ ಸೇರಿದವರ ಮೊದಲ ದೂರು ಇದೇ. ಮಾಡೋಕೆ ಹತ್ತು ನಿಮಿಷದ ಕೆಲಸ, ಬರೆಯೋಕೆ ಒಂದು ಗಂಟೆ. ಎಲ್ಲದಕ್ಕೂ ಎಸ್‌ಒಪಿ. ಎಸ್‌ಒಪಿ ಅಂದರೆ ಒಂದು ಕೆಲಸವನ್ನು ಯಾರೇ ಮಾಡಿದರೂ ಒಂದೇ ಥರ ಮಾಡಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟ ಕ್ರಮ. ಕೈ ತೊಳೆಯುವುದಕ್ಕೂ ಒಂದಿರುತ್ತೆ, ಎಸ್‌ಒಪಿ ಬರೆಯುವುದು ಹೇಗೆ ಅನ್ನುವುದಕ್ಕೂ ಒಂದಿರುತ್ತೆ. ತಮಾಷೆ ಅಲ್ಲ.

ಈ ನಿಯಮಗಳಲ್ಲಿ ದೊಡ್ಡವು ಬಹುತೇಕ ಒಂದೊಂದು ದುರಂತದ ಬೆನ್ನಿಗೆ ಬಂದವು. 1937ರಲ್ಲಿ ಅಮೆರಿಕದಲ್ಲಿ ಗಂಟಲು ನೋವಿಗೆ ಕೊಡುತ್ತಿದ್ದ ಒಂದು ಸಲ್ಫಾ ಔಷಧವನ್ನು ಸಿರಪ್ ರೂಪದಲ್ಲಿ ಮಾಡಲು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿದರು. ಅದು ವಿಷ. ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಮಾರುವ ಮುಂಚೆ ಔಷಧ ಸುರಕ್ಷಿತವೇ ಅಂತ ಪರೀಕ್ಷಿಸಬೇಕು ಅನ್ನುವ ಕಾನೂನೇ ಆಗ ಅಲ್ಲಿರಲಿಲ್ಲ. ಮರುವರ್ಷ, 1938ರಲ್ಲಿ ಬಂತು.

ಆಮೇಲೆ ಥಾಲಿಡೊಮೈಡ್. 1957ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಈ ಮಾತ್ರೆಯನ್ನು ಬಸುರಿಯರು ವಾಕರಿಕೆಗೆ ತೆಗೆದುಕೊಂಡರು. 1961ರ ಕೊನೆಯಲ್ಲಿ ಅಲ್ಲಿ ಅದನ್ನು ಹಿಂದಕ್ಕೆ ಪಡೆಯುವ ಹೊತ್ತಿಗೆ ಬೇರೆ ಬೇರೆ ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಗಲಿಲ್ಲ. ಕಾರಣ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ. ಕಂಪನಿ ಎಷ್ಟೇ ಅವಸರ ಮಾಡಿದರೂ ಆಕೆ “ಇನ್ನಷ್ಟು ಮಾಹಿತಿ ಕೊಡಿ” ಅಂತ ಕಡತ ವಾಪಸ್ ಕಳಿಸುತ್ತಲೇ ಇದ್ದರು. ನಿಯಮ ಪಾಲಿಸುತ್ತಿದ್ದೇವಾ ಅಂತ ನೋಡಲು ಬಂದವರ ಬಗ್ಗೆ ಕಂಪನಿಯೊಳಗೆ ಕೂತು “ಈ ಆಡಿಟರ್ ಯಾಕಿಷ್ಟು ಪೀಡಿಸ್ತಾರಪ್ಪ” ಅಂತ ಗೊಣಗುವಾಗ ನನಗೆ ಆಕೆಯೇ ನೆನಪಾಗುತ್ತಿದ್ದರು, ಗೊಣಗಾಟ ಮಾತ್ರ ನಿಲ್ಲುತ್ತಿರಲಿಲ್ಲ.

1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಎಂಬ ನೋವಿನ ಕ್ಯಾಪ್ಸೂಲ್‌ಗಳಿಗೆ ಸಯನೈಡ್ ಬೆರೆಸಿದರು. ಏಳು ಜನ ಸತ್ತರು. ಅದನ್ನು ಮಾಡುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿಕೊಂಡಿತು. ಇವತ್ತು ಔಷಧದ ಬಾಟಲಿ ತೆರೆಯುವಾಗ ಮುಚ್ಚಳದ ಕೆಳಗೆ ಹರಿಯಬೇಕಾದ ಆ ಸೀಲ್ ಇದೆಯಲ್ಲ, ಅದು ಎಲ್ಲ ಕಡೆ ಹಬ್ಬಿದ್ದು ಈ ಘಟನೆಯ ನಂತರ.

ಪೆನ್ನಿನ ಕಥೆ

ಈಗ ಒಂದು ದಿನದ ಕೆಲಸ ಹತ್ತಿರದಿಂದ ನೋಡೋಣ. ಮಾತ್ರೆ ತಯಾರಾಗುವ ಕಡೆ ಒಟ್ಟಿಗೆ ತಯಾರಾದ ಪ್ರತಿ ಕಂತಿನ ಮಾತ್ರೆಗೂ ಒಂದು ದಾಖಲೆ ಪುಸ್ತಕ ಇರುತ್ತೆ, ಬ್ಯಾಚ್ ರೆಕಾರ್ಡ್ ಅಂತ. ಯಾವ ಪುಡಿ ಎಷ್ಟು ತೂಗಿದಿರಿ, ಎಷ್ಟು ಹೊತ್ತಿಗೆ, ಯಾವ ತಕ್ಕಡಿಯಲ್ಲಿ, ಯಾರು ತೂಗಿದರು, ಪಕ್ಕದಲ್ಲಿ ನಿಂತು ನೋಡಿದವರು ಯಾರು, ಎಲ್ಲವೂ ಅದರಲ್ಲಿ. ಪೆನ್ಸಿಲ್ ಮುಟ್ಟುವಂತಿಲ್ಲ. ವೈಟ್ನರ್ ಒಳಗೆ ತರುವಂತೆಯೇ ಇಲ್ಲ. ತಪ್ಪು ಬರೆದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ, ತಾರೀಖು, ಕಾರಣ ಹಾಕಬೇಕು.

ನಾನು ಸೇರಿದ ಹೊಸತರಲ್ಲಿ ತಾರೀಖಿನ 3 ಅನ್ನು ಮೇಲಿಂದ ಮೇಲೆ ತಿದ್ದಿ 8 ಮಾಡಿಬಿಟ್ಟೆ. ಶಾಲೆಯ ಅಭ್ಯಾಸ. ಗುಣಮಟ್ಟ ವಿಭಾಗದ ಹಿರಿಯರೊಬ್ಬರು ಬಂದು ಪುಟದ ಮೇಲೆ ಬೆರಳಿಟ್ಟು, “ಇದು 3 ಆಗಿತ್ತಾ, 8 ಆಗಿತ್ತಾ? ನಾಳೆ ನಾವಿಬ್ಬರೂ ಇಲ್ಲದಾಗ ಇದನ್ನ ಓದುವವರು ಏನಂದ್ಕೋಬೇಕು?” ಅಂದರು. ಬೈಯಲಿಲ್ಲ. ಆದರೆ ಅವತ್ತು ಮಧ್ಯಾಹ್ನವಿಡೀ ಆ ಒಂದು ಅಂಕಿಗೆ ವಿವರಣೆ ಬರೆಯುತ್ತಾ ಕೂತೆ: ಏನಾಯಿತು, ಯಾಕಾಯಿತು, ಮತ್ತೆ ಆಗದ ಹಾಗೆ ಏನು ಮಾಡುತ್ತೀರಿ. ಇಂಥ ತಪ್ಪಿಗೆ ಕಂಪನಿಯವರು ಡೀವಿಯೇಷನ್ ಅನ್ನುತ್ತಾರೆ, ಅಂದರೆ ಬರೆದಿಟ್ಟ ಕ್ರಮದಿಂದ ತಪ್ಪಿದ್ದು. ಅಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು ಒಂದೇ: ಬರೆಯದಿದ್ದರೆ ನಡೆದೇ ಇಲ್ಲ.

ಸಾಫ್ಟ್‌ವೇರ್ ಬರೆಯುವವರಿಗೂ ಬಿಡುಗಡೆ ಇಲ್ಲ. ಬೇರೆ ಕಂಪನಿಯಲ್ಲಿ ಬೆಳಿಗ್ಗೆ ಬರೆದದ್ದು ಸಂಜೆಗೆ ಜನರ ಕೈಗೆ ಹೋಗಿರುತ್ತೆ. ಇಲ್ಲಿ ಔಷಧದ ಪ್ರಮಾಣ ತೋರಿಸುವ ಪರದೆಯಲ್ಲಿ ಒಂದು ಬಟನ್ ಜಾಗ ಬದಲಿಸಬೇಕು ಅಂದರೆ ಮೊದಲು ಬದಲಾವಣೆಯ ಅರ್ಜಿ, ಅದರಿಂದ ಏನೇನು ಕೆಡಬಹುದು ಅನ್ನುವ ಪಟ್ಟಿ, ಪರೀಕ್ಷೆ, ಪರೀಕ್ಷೆಯ ಸಾಕ್ಷಿ, ನಾಲ್ಕು ಜನರ ಸಹಿ. ಚುರುಕಾಗಿ ಏನಾದರೂ ಕಟ್ಟಿ ತೋರಿಸಬೇಕು ಅನ್ನುವ ಸ್ವಭಾವದವರಿಗೆ ಇದು ಉಸಿರುಗಟ್ಟಿಸುತ್ತೆ. ಒಂದೊಂದು ಸಾಲನ್ನೂ ಯೋಚಿಸಿ ಬರೆಯುವವರಿಗೆ ಇಷ್ಟವಾಗುತ್ತೆ, ಯಾಕಂದ್ರೆ ಇಲ್ಲಿ “ಬೇಗ ಮುಗಿಸು, ಆಮೇಲೆ ಸರಿ ಮಾಡೋಣ” ಅಂತ ಯಾರೂ ಸುಲಭಕ್ಕೆ ಹೇಳುವ ಹಾಗಿಲ್ಲ.

ಕೆಲಸ ಭದ್ರ ಅಂತಾರಲ್ಲ, ನಿಜವಾ?

ಅರ್ಧ ನಿಜ.

ಆರ್ಥಿಕತೆ ಕುಸಿದರೂ ಜನಕ್ಕೆ ಕಾಯಿಲೆ ಬರುವುದು ನಿಲ್ಲಲ್ಲ, ಆದ್ದರಿಂದ ಈ ಕೆಲಸ ಹೋಗಲ್ಲ ಅನ್ನುವ ಮಾತು ಎಲ್ಲರೂ ಹೇಳುತ್ತಾರೆ. ಆದರೆ 2020ರ ಏಪ್ರಿಲ್ ನೋಡಿ. ಜಗತ್ತಿನಲ್ಲಿ ಆಸ್ಪತ್ರೆಗಳು ಅಷ್ಟು ಬೇಕಾಗಿದ್ದ ತಿಂಗಳು ಇನ್ನೊಂದಿಲ್ಲವೇನೋ. ಅದೇ ತಿಂಗಳು ಅಮೆರಿಕದ ಆರೋಗ್ಯ ಕ್ಷೇತ್ರದಲ್ಲಿ ಸುಮಾರು 14 ಲಕ್ಷ ಕೆಲಸ ಹೋದವು. ಹೇಗೆ? ಕೋವಿಡ್ ಹೆದರಿಕೆಗೆ ಹಲ್ಲಿನ ಕ್ಲಿನಿಕ್ ಮುಚ್ಚಿದವು, ಮುಂದೂಡಬಹುದಾದ ಆಪರೇಷನ್ನುಗಳೆಲ್ಲ ಮುಂದಕ್ಕೆ ಹೋದವು. ಆಸ್ಪತ್ರೆಗೆ ಆದಾಯ ತರುತ್ತಿದ್ದದ್ದು ಮಂಡಿ, ಕಣ್ಣು, ಸೊಂಟದ ಆ ಆಪರೇಷನ್ನುಗಳೇ. ತೀವ್ರ ನಿಗಾ ಘಟಕದಲ್ಲಿ ಜನ ಸಾಲದೆ ಒದ್ದಾಡುತ್ತಿದ್ದಾಗ ಪಕ್ಕದ ವಿಭಾಗದವರನ್ನು ಮನೆಗೆ ಕಳಿಸಿದರು.

ಔಷಧ ಕಂಪನಿಯಲ್ಲಿ ಅಪಾಯ ಬೇರೆ ಥರ. ಅಲ್ಲಿ ಎಲ್ಲರೂ ಹೇಳುವ ಪದ “ಪೇಟೆಂಟ್ ಕ್ಲಿಫ್”, ಅಂದರೆ ಪೇಟೆಂಟ್ ಮುಗಿದೊಡನೆ ಮಾರಾಟ ಬಂಡೆಯ ಅಂಚಿನಿಂದ ಬಿದ್ದ ಹಾಗೆ ಬೀಳುವುದು. ಪೇಟೆಂಟ್ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಹೊಸ ಔಷಧವೊಂದು ಪ್ರಯೋಗಾಲಯದಿಂದ ಅಂಗಡಿಗೆ ಬರಲು ಹತ್ತು ವರ್ಷ ದಾಟುವುದು ಮಾಮೂಲಿ. ಉಳಿದಷ್ಟು ವರ್ಷವೇ ಕಂಪನಿಗೆ ಸುಗ್ಗಿ. ಆಮೇಲೆ ಬೇರೆಯವರು ಅದೇ ಔಷಧವನ್ನು ಬೇರೆ ಹೆಸರಲ್ಲಿ ಬಹಳ ಕಮ್ಮಿ ಬೆಲೆಗೆ ಮಾಡುತ್ತಾರೆ, ಅದಕ್ಕೆ ಜೆನರಿಕ್ ಅನ್ನುತ್ತಾರೆ. ಫೈಜರ್‌ನ ಲಿಪಿಟರ್ ಎಂಬ ಕೊಲೆಸ್ಟರಾಲ್ ಮಾತ್ರೆ ಒಂದು ಕಾಲಕ್ಕೆ ವರ್ಷಕ್ಕೆ 1,000 ಕೋಟಿ ಡಾಲರ್‌ಗೂ ಜಾಸ್ತಿ ತರುತ್ತಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅದರ ಪೇಟೆಂಟ್ ರಕ್ಷಣೆ ಮುಗಿಯಿತು, ಮಾರಾಟ ಜಾರಿತು. ಇಂಥ ಹೊತ್ತಲ್ಲಿ ಕಂಪನಿಗಳು ಇನ್ನೊಂದು ಕಂಪನಿ ಕೊಳ್ಳುತ್ತವೆ, ಎರಡೂ ಕಡೆ ಒಂದೇ ಕೆಲಸ ಮಾಡುವವರಿದ್ದರೆ ಒಬ್ಬರನ್ನು ಬಿಡುತ್ತವೆ.

ಹಾಗಾದರೆ ಭದ್ರತೆ ಎಲ್ಲಿದೆ? ಕಂಪನಿಯಲ್ಲಿ ಅಷ್ಟಾಗಿ ಇಲ್ಲ, ಕಲಿತ ವಿದ್ಯೆಯಲ್ಲಿದೆ. ಆಡಿಟ್ ಎದುರಿಸಿ ಗೊತ್ತಿರುವವರು, ಔಷಧ ಪ್ರಯೋಗದ ದಾಖಲೆ ನೋಡಿಕೊಂಡವರು, ತೀವ್ರ ನಿಗಾದಲ್ಲಿ ಕೆಲಸ ಮಾಡಿದ ನರ್ಸ್‌ಗಳು ಎಲ್ಲೇ ಹೋದರೂ ಬೇಕಾಗುತ್ತಾರೆ. ನಿಯಮಗಳು ದೇಶ ದೇಶಕ್ಕೆ ಸ್ವಲ್ಪ ಬೇರೆಯಾದರೂ ಬುಡ ಒಂದೇ. ದೊಡ್ಡ ಕಂಪನಿಯಲ್ಲಿ ಈ ತರಬೇತಿ ಪುಕ್ಕಟೆ ಸಿಗುತ್ತೆ, ಅದೂ ಕೆಲಸದ ಹೊತ್ತಿನಲ್ಲೇ. ನನ್ನ ಲೆಕ್ಕದಲ್ಲಿ ದೊಡ್ಡ ಕಡೆ ಸೇರುವುದರ ಮೊದಲ ಲಾಭ ಇದು.

ರಾತ್ರಿ ಎರಡು ಗಂಟೆಗೆ

ಆಸ್ಪತ್ರೆಯೊಳಗೆ ಕೆಲಸ ಮಾಡುವವರ ಲಾಭ ನಷ್ಟ ಎರಡೂ ರಾತ್ರಿಯಲ್ಲೇ ಚೆನ್ನಾಗಿ ಕಾಣುತ್ತೆ.

ರಾತ್ರಿ ಪಾಳಿಯ ನರ್ಸ್‌ಗೆ ಬಳಸಿದ ಸೂಜಿ ಚುಚ್ಚಿತು ಅಂತ ಇಟ್ಟುಕೊಳ್ಳಿ. ಸಣ್ಣ ಕಡೆಯಾದರೆ ಕೈ ತೊಳೆದು, ಹೆದರಿಕೊಂಡು, ಬೆಳಗಾಗಲಿ ಅಂತ ಕಾಯಬೇಕಾಗಬಹುದು. ದೊಡ್ಡ ಆಸ್ಪತ್ರೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರ್ ಗೋಡೆ ಮೇಲಿರುತ್ತೆ. ಹೆಪಟೈಟಿಸ್ ಬಿ ಲಸಿಕೆ ಸೇರುವಾಗಲೇ ಹಾಕಿಸಿರುತ್ತಾರೆ. ಎಚ್‌ಐವಿ ಇರುವ ರೋಗಿಯ ಸೂಜಿಯಾದರೂ ಸೋಂಕು ತಗಲುವ ಸಾಧ್ಯತೆ 1,000ಕ್ಕೆ 3ರಷ್ಟು, ತಡೆ ಔಷಧವನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಶುರು ಮಾಡಿದರೆ ಅದೂ ಇನ್ನಷ್ಟು ಇಳಿಯುತ್ತೆ. ಆ ಔಷಧ ರಾತ್ರಿ ಎರಡು ಗಂಟೆಗೂ ಕಪಾಟಿನಲ್ಲಿರಬೇಕು. ದೊಡ್ಡ ಸಂಸ್ಥೆಯ ಬೆಲೆ ಗೊತ್ತಾಗುವುದು ಇಂಥ ಹೊತ್ತಲ್ಲಿ.

ಆದರೆ ಅದೇ ರಾತ್ರಿ ಪಾಳಿ ಬಹಳ ಕಡೆ 12 ಗಂಟೆ ಉದ್ದದ್ದು. 1984ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಹುಡುಗಿಯೊಬ್ಬಳು ದಾಖಲಾದ ಕೆಲವೇ ಗಂಟೆಗಳಲ್ಲಿ ಸತ್ತಳು. ಹೆಚ್ಚಿನ ಮೇಲ್ವಿಚಾರಣೆ ಇಲ್ಲದೆ, ಬಹಳ ಹೊತ್ತಿನಿಂದ ಪಾಳಿಯಲ್ಲಿದ್ದ ಕಿರಿಯ ಡಾಕ್ಟರುಗಳು ಅವಳನ್ನು ನೋಡಿಕೊಂಡಿದ್ದರು. ತಂದೆ ಪತ್ರಕರ್ತರು, ಸುಮ್ನೆ ಕೂರಲಿಲ್ಲ. ಕೊನೆಗೆ ಆ ರಾಜ್ಯ 1989ರಲ್ಲಿ ಕಿರಿಯ ಡಾಕ್ಟರುಗಳಿಗೆ ವಾರಕ್ಕೆ 80 ಗಂಟೆಯ ಮಿತಿ ತಂದಿತು, 2003ರಲ್ಲಿ ಅದು ಇಡೀ ಅಮೆರಿಕಕ್ಕೆ ಹಬ್ಬಿತು. ಗಮನಿಸಿ, 80 ಗಂಟೆ ಅನ್ನುವುದು ಅಲ್ಲಿ ಕಮ್ಮಿ ಮಾಡಿದ ಮೇಲಿನ ಲೆಕ್ಕ. ವಾರಕ್ಕೆ ಏಳು ದಿನ ದುಡಿದರೂ ದಿನಕ್ಕೆ ಹನ್ನೊಂದು ಗಂಟೆಗೂ ಜಾಸ್ತಿ ಬರುತ್ತೆ.

ಸುಸ್ತಿನ ಬಗ್ಗೆ ಒಂದು ಪದ ಹೇಳಬೇಕು, ಬರ್ನ್‌ಔಟ್. ಕೆಲಸದ ಒತ್ತಡ ತೀರದೆ ತೀರದೆ ಕೊನೆಗೆ ಶಕ್ತಿ ಬತ್ತಿ, ಮಾಡುತ್ತಿರುವುದರ ಮೇಲೆ ಮನಸ್ಸೇ ಮುರಿದುಹೋಗುವ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಗ ಹೇಳಿದ ಸಂಕೇತದ ಪಟ್ಟಿಯ ಹೊಸ ಆವೃತ್ತಿಯಾದ ಐಸಿಡಿ-11ರಲ್ಲಿ ಇದನ್ನು ಸೇರಿಸಿತು, ಕಾಯಿಲೆ ಅಂತಲ್ಲ, ಕೆಲಸದ ಜಾಗಕ್ಕೆ ಸೇರಿದ ಸಮಸ್ಯೆ ಅಂತ. ಈ ವ್ಯತ್ಯಾಸ ಸಣ್ಣದಲ್ಲ. ತೊಂದರೆ ಇರುವುದು ನಿಮ್ಮ ಮೈಯಲ್ಲಲ್ಲ, ಪಾಳಿ ಪಟ್ಟಿಯಲ್ಲಿ ಅಂದ ಹಾಗಾಯಿತು.

ರಾತ್ರಿ ಎಚ್ಚರ ಇರುವುದು ಒಂದೇ ಕಾರಣವಲ್ಲ. ಕಂಪ್ಯೂಟರ್ ಇನ್ನೊಂದು. ಅಮೆರಿಕದ ಡಾಕ್ಟರುಗಳ ದಿನಚರಿ ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಿಯ ಜೊತೆ ಕಳೆದ ಪ್ರತಿ ಒಂದು ಗಂಟೆಗೆ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಸುಮಾರು ಎರಡು ಗಂಟೆ ಹೋಗುತ್ತಿತ್ತು. ಜನರ ಮುಖ ನೋಡಬೇಕು ಅಂತ ಈ ಕೆಲಸಕ್ಕೆ ಬಂದವರು ಪರದೆ ನೋಡುತ್ತಾ ದಿನ ಮುಗಿಸಿದರೆ ಬೇಸರ ಬರದೆ ಇರುತ್ತಾ?

ಯಾರೋ ನೋಡುತ್ತಿರುತ್ತಾರೆ

ರೋಗಿಯ ದಾಖಲೆ ಇರುವ ವ್ಯವಸ್ಥೆಯಲ್ಲಿ ನೀವು ಏನು ತೆರೆದಿರಿ, ಎಷ್ಟು ಗಂಟೆಗೆ ತೆರೆದಿರಿ, ಎಷ್ಟು ಹೊತ್ತು ನೋಡಿದಿರಿ, ಎಲ್ಲ ದಾಖಲಾಗುತ್ತೆ. ಜನರ ಮಾಹಿತಿ ಗುಟ್ಟಾಗಿಡಲು ಅಮೆರಿಕದಲ್ಲಿ 1996ರ ಹಿಪಾ ಕಾನೂನು, ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್, ಬೇರೆ ದೇಶಗಳಲ್ಲಿ ಅವರವರದು. ಎಲ್ಲದರ ತಿರುಳು ಇಷ್ಟೇ: ನಿಮ್ಮ ಕೆಲಸಕ್ಕೆ ಬೇಕಾದಷ್ಟು ಮಾತ್ರ ನೋಡಿ. ಕುತೂಹಲಕ್ಕೆ ಪರಿಚಯದವರ ವರದಿ ತೆರೆದರೂ ಕೆಲಸ ಹೋಗಬಹುದು. 2008ರಲ್ಲಿ ಲಾಸ್ ಏಂಜಲೀಸ್‌ನ ದೊಡ್ಡ ಆಸ್ಪತ್ರೆಯೊಂದರಲ್ಲಿ ಪ್ರಸಿದ್ಧ ಗಾಯಕಿಯೊಬ್ಬರ ದಾಖಲೆ ಇಣುಕಿ ನೋಡಿದ್ದಕ್ಕೆ ಹತ್ತಕ್ಕೂ ಹೆಚ್ಚು ನೌಕರರು ಮನೆಗೆ ಹೋದರು. ಸ್ವಂತ ತಾಯಿಯ ರಕ್ತ ಪರೀಕ್ಷೆ ನೋಡಲೂ ಬಹಳ ಕಡೆ ಹೀಗೇ ತಡೆ ಇದೆ. ಕೌಂಟರ್‌ನಲ್ಲಿ ನಿಂತು ಎಲ್ಲರ ಹಾಗೆ ಕೇಳಬೇಕು.

ಐಟಿಯವರಿಗೆ ಇದರ ಇನ್ನೊಂದು ಮುಖ ಗೊತ್ತಿರಬೇಕು. 2024ರ ಫೆಬ್ರುವರಿಯಲ್ಲಿ ಯುನೈಟೆಡ್‌ಹೆಲ್ತ್‌ಗೆ ಸೇರಿದ ಚೇಂಜ್ ಹೆಲ್ತ್‌ಕೇರ್ ಮೇಲೆ ಸೈಬರ್ ದಾಳಿ ಆಯಿತು. ಅಮೆರಿಕದ ಆಸ್ಪತ್ರೆ, ಔಷಧದಂಗಡಿಗಳ ಬಿಲ್‌ಗಳಲ್ಲಿ ದೊಡ್ಡ ಪಾಲು ಹಾದುಹೋಗುತ್ತಿದ್ದ ದಾರಿ ಅದು. ಕಳ್ಳರು ಒಳಗೆ ನುಗ್ಗಿದ್ದು ಪಾಸ್‌ವರ್ಡ್ ಜೊತೆ ಎರಡನೇ ಗುರುತು ಕೇಳದ ಒಂದು ಲಾಗಿನ್ ಮೂಲಕ. ಬ್ಯಾಂಕಿನವರು ನಮ್ಮ ಫೋನಿಗೆ ಕಳಿಸುವ ಒಟಿಪಿ ಥರದ್ದು ಅಲ್ಲಿರಲಿಲ್ಲ, ಅಷ್ಟೆ. ಸುಮಾರು 19 ಕೋಟಿ ಜನರ ಮಾಹಿತಿ ಸೋರಿತು, ವಾರಗಟ್ಟಲೆ ಕ್ಲಿನಿಕ್‌ಗಳಿಗೆ ದುಡ್ಡು ಬರಲಿಲ್ಲ. “ನನಗೂ ರೋಗಿಗೂ ಏನು ಸಂಬಂಧ” ಅಂತ ಕೇಳಿದ ನನ್ನ ಅಕ್ಕನ ಮಗಳಿಗೆ ನಾನು ಹೇಳಿದ ಉದಾಹರಣೆ ಇದು.

ಟಾರ್ಗೆಟ್ ಮತ್ತು ಮನಸ್ಸಾಕ್ಷಿ

ಮಾರಾಟದ ಕಡೆ ಹೋಗುವವರು ಒಂದು ಪದ ತಿಳಿದುಕೊಂಡಿರಬೇಕು: ಆಫ್-ಲೇಬಲ್. ಔಷಧಕ್ಕೆ ಯಾವ ಕಾಯಿಲೆಗೆ ಅನುಮತಿ ಸಿಕ್ಕಿದೆಯೋ ಅದನ್ನು ಬಿಟ್ಟು ಬೇರೆಯದಕ್ಕೆ ಬಳಸುವುದು. ಡಾಕ್ಟರ್ ತಮ್ಮ ವಿವೇಚನೆಯಿಂದ ಹಾಗೆ ಬರೆದುಕೊಡಬಹುದು. ಕಂಪನಿಯವರು ಹಾಗೆ ಪ್ರಚಾರ ಮಾಡುವಂತಿಲ್ಲ. ತಿಂಗಳ ಟಾರ್ಗೆಟ್ ಮುಟ್ಟದೆ ಇದ್ದಾಗ ಈ ಗೆರೆ ದಾಟುವ ಆಸೆ ಹುಟ್ಟುತ್ತೆ, ಒಮ್ಮೊಮ್ಮೆ ಮೇಲಿನವರೇ ಹುಟ್ಟಿಸುತ್ತಾರೆ. 2009ರಲ್ಲಿ ಫೈಜರ್ ಅಮೆರಿಕ ಸರ್ಕಾರಕ್ಕೆ 230 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡದ್ದು ಬೆಕ್ಸ್‌ಟ್ರಾ ಎಂಬ ನೋವಿನ ಮಾತ್ರೆ ಮತ್ತು ಇನ್ನೂ ಕೆಲವು ಔಷಧಗಳನ್ನು ಹೀಗೆ ಪ್ರಚಾರ ಮಾಡಿದ ಆರೋಪದಲ್ಲಿ. ವಿಷಯ ಹೊರಗೆ ತಂದವರಲ್ಲಿ ಕಂಪನಿಯ ಮಾರಾಟ ಪ್ರತಿನಿಧಿಯೊಬ್ಬರೂ ಇದ್ದರು. ಅವರನ್ನು ಕೆಲಸದಿಂದ ತೆಗೆದಿದ್ದರು, ಪ್ರಕರಣ ಮುಗಿಯಲು ವರ್ಷಗಳೇ ಹಿಡಿದವು. ಆ ದೇಶದ ಕಾನೂನಿನಲ್ಲಿ ಸರ್ಕಾರಕ್ಕೆ ಆದ ಮೋಸ ತೋರಿಸಿಕೊಟ್ಟವರಿಗೆ ವಸೂಲಿಯಲ್ಲಿ ಪಾಲು ಇದೆ. ಎಲ್ಲ ದೇಶದಲ್ಲೂ ಇಲ್ಲ.

ವಿಮೆಯ ಕಡೆ ಕ್ಲೇಮ್ ನೋಡುವವರ ಕಷ್ಟ ಇನ್ನೊಂದು. ನಿಯಮದ ಪ್ರಕಾರ “ಆಗಲ್ಲ” ಅಂತ ಬರೆಯಬೇಕಾದ ಕಡತದಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಕೆಲವರು ಅದನ್ನು ಬರಿ ಕಡತವಾಗಿ ನೋಡಲು ಕಲಿಯುತ್ತಾರೆ. ಕೆಲವರಿಗೆ ಆಗುವುದಿಲ್ಲ, ಬಿಡುತ್ತಾರೆ.

ಸಣ್ಣಪುಟ್ಟವು

ಬಡ್ತಿ ನಿಧಾನ. ಮೇಲೆ ಕೂತವರು ಎದ್ದರೆ ತಾನೇ ಜಾಗ? ಆದರೆ ಪಕ್ಕಕ್ಕೆ ಸರಿಯುವುದು ಸುಲಭ, ಲ್ಯಾಬ್‌ನಿಂದ ಗುಣಮಟ್ಟಕ್ಕೆ, ಅಲ್ಲಿಂದ ನಿಯಂತ್ರಣ ಸಂಸ್ಥೆಗಳ ಜೊತೆ ವ್ಯವಹರಿಸುವ ವಿಭಾಗಕ್ಕೆ. ಎರಡು ಮೂರು ವರ್ಷಕ್ಕೊಮ್ಮೆ ಪುನರ್‌ರಚನೆ ಅಂತ ಬರುತ್ತೆ, ವಿಭಾಗದ ಹೆಸರು ಬದಲಾಗುತ್ತೆ, ಮ್ಯಾನೇಜರ್ ಬದಲಾಗುತ್ತಾರೆ, ಕೆಲಸ ಅದೇ. ಬೇರೆ ಖಂಡದವರ ಜೊತೆ ಮೀಟಿಂಗ್ ಇದ್ದರೆ ಊಟದ ಹೊತ್ತು ಮರೆತುಬಿಡಿ. ನೌಕರರ ಆರೋಗ್ಯ ವಿಮೆ ಸಾಮಾನ್ಯವಾಗಿ ಚೆನ್ನಾಗಿರುತ್ತೆ. ಡಾಕ್ಟರುಗಳಿಗೆ ಉಡುಗೊರೆ ಕೊಡುವ ವಿಚಾರದಲ್ಲಿ ಮಾತ್ರ ಎಚ್ಚರ, ಅಮೆರಿಕದಲ್ಲಂತೂ 2010ರ ಸನ್‌ಶೈನ್ ಕಾಯ್ದೆಯಂತೆ ಕಂಪನಿ ಡಾಕ್ಟರಿಗೆ ಕೊಡಿಸಿದ ಊಟದ ಲೆಕ್ಕವೂ ಸಾರ್ವಜನಿಕವಾಗಿ ಕಾಣುತ್ತೆ.

ಸಂದರ್ಶನದಲ್ಲಿ ಏನು ಕೇಳಬೇಕು?

ಸಂಬಳ, ರಜೆ ಎಲ್ಲರೂ ಕೇಳುತ್ತಾರೆ. ನಾನಾದರೆ ಇವನ್ನೂ ಕೇಳುತ್ತೇನೆ. ಈ ವಿಭಾಗಕ್ಕೆ ದುಡ್ಡು ಎಲ್ಲಿಂದ ಬರುತ್ತೆ, ಒಂದೇ ಔಷಧದಿಂದಲೇ ಅಥವಾ ಒಬ್ಬನೇ ಗಿರಾಕಿಯಿಂದಲೇ? ರಾತ್ರಿ ಫೋನ್ ಬಂದರೆ ಎತ್ತಬೇಕಾದ ಸರದಿ ಇದೆಯಾ, ಅದಕ್ಕೆ ಬೇರೆ ದುಡ್ಡು ಕೊಡುತ್ತಾರಾ? ನನಗಿಂತ ಮುಂಚೆ ಈ ಜಾಗದಲ್ಲಿದ್ದವರು ಎಲ್ಲಿಗೆ ಹೋದರು? ಬಾಂಡ್ ಇದೆಯಾ, ಅಂದರೆ ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಕಟ್ಟಬೇಕು ಅನ್ನುವ ಕರಾರು? ನರ್ಸ್‌ಗಳು ಒಂದು ಪಾಳಿಯಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು ಅಂತ ಕೇಳಲೇಬೇಕು. ಉತ್ತರ ಬರುವ ಮುಂಚಿನ ಮೌನವನ್ನೂ ಗಮನಿಸಬೇಕು.

ತಪ್ಪಾದಾಗ ಏನು ಮಾಡುತ್ತೀರಿ ಅಂತಲೂ ಕೇಳಿ. “ನಮ್ಮಲ್ಲಿ ತಪ್ಪೇ ಆಗಲ್ಲ” ಅನ್ನುವ ಕಡೆ ತಪ್ಪನ್ನು ಮುಚ್ಚಿಡುತ್ತಾರೆ ಅಂತ ಅರ್ಥ. ಹೋದ ತಿಂಗಳು ಹೀಗಾಯಿತು, ಹೀಗೆ ಸರಿ ಮಾಡಿದೆವು ಅಂತ ಹೇಳುವ ಕಡೆ ನಿರಾಳವಾಗಿ ಕೆಲಸ ಮಾಡಬಹುದು.

ಅಕ್ಕನ ಮಗಳು ಸೇರಿದಳು

ಮೊದಲ ತಿಂಗಳಿಡೀ ತರಬೇತಿ. ಓದಿದ್ದೇನೆ, ಅರ್ಥವಾಗಿದೆ ಅಂತ ಎಸ್‌ಒಪಿಗಳಿಗೆ ಸಹಿ ಹಾಕೀ ಹಾಕೀ ಕೈ ನೋವು ಬಂತು ಅಂತ ಗೊಣಗಿದಳು. ಕಂಪನಿ ಔಷಧವನ್ನೂ ಮಾಡುತ್ತೆ, ಇವಳು ಅದರ ಸಾಫ್ಟ್‌ವೇರ್ ತಂಡದಲ್ಲಿ. ಇಂಥ ಬಹುತೇಕ ಕಂಪನಿಗಳಲ್ಲಿ ಒಂದು ನಿಯಮ ಎಲ್ಲರಿಗೂ ಅನ್ವಯಿಸುತ್ತೆ, ಲೆಕ್ಕ ಬರೆಯುವವರಿಗೂ, ಕಾರು ಓಡಿಸುವವರಿಗೂ: ನಮ್ಮ ಕಂಪನಿಯ ಔಷಧದಿಂದ ಯಾರಿಗಾದರೂ ತೊಂದರೆ ಆಯಿತು ಅಂತ ಕಿವಿಗೆ ಬಿದ್ದರೆ, ಎಲ್ಲೇ ಬೀಳಲಿ, ಬಸ್ಸಲ್ಲಿ ಬೀಳಲಿ, 24 ಗಂಟೆಯೊಳಗೆ ತಿಳಿಸಬೇಕು. ಔಷಧದಿಂದಲೇ ಆಯಿತಾ ಅಂತ ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಕೇಳಿದ್ದನ್ನು ಮುಟ್ಟಿಸುವುದು ಮಾತ್ರ. ಥಾಲಿಡೊಮೈಡ್ ಕಾಲದಲ್ಲಿ ಇಂಥ ವ್ಯವಸ್ಥೆ ಇದ್ದಿದ್ದರೆ ಅಲ್ಲೊಂದು ಇಲ್ಲೊಂದು ಹುಟ್ಟಿದ ಮಕ್ಕಳ ಸುದ್ದಿ ಒಂದೇ ಕಡೆ ಬೇಗ ಸೇರುತ್ತಿತ್ತು.

ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅಕ್ಕ ಮಾತಿನ ಮಧ್ಯೆ, “ಹೊಸ ಬಿಪಿ ಮಾತ್ರೆ ಶುರು ಮಾಡಿದಾಗಿಂದ ಒಣಕೆಮ್ಮು ಕಣೋ, ರಾತ್ರಿ ನಿದ್ದೆನೇ ಇಲ್ಲ” ಅಂದಳು. ನಾನು ಡಾಕ್ಟರಿಗೆ ಹೇಳಿದೆಯಾ ಅಂತ ಕೇಳುವಷ್ಟರಲ್ಲಿ ಹುಡುಗಿ ತಟ್ಟೆ ಬದಿಗೆ ಸರಿಸಿ, ಎಡಗೈಯಲ್ಲಿ ಫೋನ್ ತೆಗೆದು, “ಅಮ್ಮಾ, ಯಾವ ಕಂಪನೀದು ಅದು? ಸ್ಟ್ರಿಪ್ ತಗೊಂಡು ಬಾ. ಬ್ಯಾಚ್ ನಂಬರ್ ಬೇಕು” ಅಂದಳು.